ಮೈಟಾಸಿಸ್, ಮಿಯಾಸಿಸ್ ಮಗಳ ತಲೆಗೆ ಹತ್ತುತ್ತಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

ಕೇಳಿದವರು: ತಂದೆ, ತಿಪಟೂರು
ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಫಸ್ಟ್ ಪಿಯುಸಿ ಸೈನ್ಸ್. ಬಯಾಲಜಿಯಲ್ಲಿ ಸೆಲ್ ಡಿವಿಷನ್ ನಡೆಯುತ್ತಿದೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ರಾತ್ರಿಯೆಲ್ಲ ಉರು ಹೊಡೆಯುತ್ತಾಳೆ. ಬೆಳಿಗ್ಗೆ ಮೈಟಾಸಿಸ್‌ಗೂ ಮಿಯಾಸಿಸ್‌ಗೂ ಏನು ವ್ಯತ್ಯಾಸ ಅಂದರೆ ಕಣ್ಣಲ್ಲಿ ನೀರು. ಮುಂದಿನ ವರ್ಷ ಜೆನೆಟಿಕ್ಸ್ ಬೇರೆ ಇದೆಯಂತೆ. ನಾನು ಕಾಮರ್ಸ್ ಓದಿದವನು, ಏನೂ ಹೇಳಿಕೊಡಲು ಬರುವುದಿಲ್ಲ. ದಾರಿ ಹೇಳಿ.

ಪಿಯು ಉಪನ್ಯಾಸಕಿ, ಶಿವಮೊಗ್ಗ
ಸರ್, ಹೆಸರುಗಳನ್ನು ಒಂದು ವಾರ ಪಕ್ಕಕ್ಕಿಡಿ. ಮನೆಯಲ್ಲಿ ಟಿಚ್ ಬಟನ್ ಇದೆಯಾ? ನಾಲ್ಕು ಸಾಕು. ಜೊತೆಗೆ ಕೆಂಪು ದಾರ, ನೀಲಿ ದಾರ. ಕೆಂಪು ಅಮ್ಮನಿಂದ ಬಂದದ್ದು, ನೀಲಿ ಅಪ್ಪನಿಂದ ಬಂದದ್ದು ಅಂದುಕೊಳ್ಳಿ. ಒಂದೊಂದು ಬಣ್ಣದಲ್ಲಿ ಒಂದು ಉದ್ದ, ಒಂದು ಗಿಡ್ಡ. ಬಟನ್ನಿನ ಎರಡು ಭಾಗಕ್ಕೂ ಒಂದೇ ಥರದ ದಾರ ಕಟ್ಟಿ ಒತ್ತಿ ಮುಚ್ಚಿ. ಇದು ನಕಲು ಆದಮೇಲಿನ ಕ್ರೋಮೋಸೋಮ್, ಅಂದರೆ ಕೋಶದೊಳಗೆ ವಂಶದ ಗುಣ ಹೊತ್ತಿರುವ ನೂಲು.

ಮೈಟಾಸಿಸ್ (ಮೈ ಬೆಳೆಯುವಾಗಿನ ಕೋಶ ವಿಭಜನೆ) ಅಂದರೆ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಟಕ್ ಅಂತ ಬಿಚ್ಚುವುದು. ಎರಡೂ ಕಡೆ ನಾಲ್ಕು ನಾಲ್ಕು. ಮಿಯಾಸಿಸ್‌ನಲ್ಲಿ (ಅಂಡಾಣು, ವೀರ್ಯಾಣು ಆಗುವಾಗಿನ ವಿಭಜನೆ) ಉದ್ದ ಕೆಂಪಿನ ಪಕ್ಕ ಉದ್ದ ನೀಲಿ, ಗಿಡ್ಡದ ಪಕ್ಕ ಗಿಡ್ಡ ಬಂದು ಜೋಡಿಯಾಗಿ ನಿಲ್ಲುತ್ತವೆ. ಮೊದಲ ಸಲ ಬಟನ್ ಬಿಚ್ಚಲೇಬಾರದು, ಜೋಡಿ ಮಾತ್ರ ಬೇರೆಯಾಗಬೇಕು. ಎರಡನೇ ಸಲ ಬಟನ್ ಬಿಚ್ಚುವುದು. ಕೊನೆಗೆ ನಾಲ್ಕು ಕೋಶ, ಒಂದೊಂದರಲ್ಲಿ ಎರಡೇ ದಾರ.

ಮಕ್ಕಳು ತಪ್ಪುವುದು ಎಣಿಕೆಯಲ್ಲಿ. ದಾರ ಎಣಿಸುತ್ತಾರೆ. ಮುಚ್ಚಿದ ಬಟನ್ ಒಂದೇ ಕ್ರೋಮೋಸೋಮ್. ಹಾಗಾಗಿ ನಕಲು ಆದಮೇಲೂ ನಮ್ಮ ಕೋಶದಲ್ಲಿ 46 ಕ್ರೋಮೋಸೋಮ್, 92 ಕ್ರೊಮ್ಯಾಟಿಡ್ (ಬಟನ್ನಿನ ಒಂದೊಂದು ಭಾಗದ ದಾರ). ಇದೊಂದು ಹೊಳೆದರೆ ಅರ್ಧ ಪಾಠ ಮುಗಿದ ಹಾಗೆ.

ಬಿಎಸ್ಸಿ ವಿದ್ಯಾರ್ಥಿ, ಮೈಸೂರು
ಈರುಳ್ಳಿ ಬೇರು ನೋಡಿಸಿ. ನೀರು ತುಂಬಿದ ಲೋಟದ ಬಾಯಿ ಮೇಲೆ ಈರುಳ್ಳಿ ಕೂರಿಸಿದರೆ ಮೂರ್ನಾಲ್ಕು ದಿನದಲ್ಲಿ ಬೇರು ಬರುತ್ತದೆ. ಮುಂದಿನದು ಕಾಲೇಜು ಲ್ಯಾಬಿನ ಕೆಲಸ, ಆಸಿಡ್ ಬೇಕು, ಮನೆಯಲ್ಲಿ ಬೇಡ. ನಾನು ಮೊದಲ ಸಲ ಬೇರಿನ ಮಧ್ಯ ಕತ್ತರಿಸಿದ್ದೆ. ಅಸಿಟೋಕಾರ್ಮಿನ್ ಅನ್ನುವ ಬಣ್ಣ ಹಾಕಿ ಒಂದು ಗಂಟೆ ಮೈಕ್ರೋಸ್ಕೋಪಿಗೆ ಕಣ್ಣು ಕೀಲಿಸಿದರೂ ಒಂದೂ ವಿಭಜನೆ ಕಾಣಲಿಲ್ಲ. ಕೋಶ ವಿಭಜನೆ ಆಗುವುದು ತುದಿಯ ಎರಡು ಮೂರು ಮಿಲಿಮೀಟರ್‌ನಲ್ಲಿ ಮಾತ್ರ! ಅಲ್ಲೂ ಹೆಚ್ಚಿನ ಕೋಶಗಳು ಇಂಟರ್‌ಫೇಸ್‌ನಲ್ಲೇ (ಎರಡು ವಿಭಜನೆಗಳ ನಡುವಿನ ಹಂತ) ಇರುತ್ತವೆ, ಹುಡುಕಬೇಕು.

ರಾಣೆಬೆನ್ನೂರಿನವನು, ಈಗ ಬೆಂಗಳೂರು
ಜೆನೆಟಿಕ್ಸ್‌ಗೆ ಹೆದರಬೇಡ ಅಂತ ಮಗಳಿಗೆ ಹೇಳಿ. ನಮ್ಮ ಕಡೆ ಬೀಜೋತ್ಪಾದನೆ ಜಾಸ್ತಿ. ನಮ್ಮ ಅವ್ವ ಬೆಂಡಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ ಗಂಡು ಭಾಗ ತೆಗೆದುಬಿಡಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿ ತಂದು ಹಚ್ಚಬೇಕು. ಕ್ಲಾಸಿನಲ್ಲಿ ಜೆನೆಟಿಕ್ಸ್ ಶುರು ಮಾಡಿದ ಮೆಂಡಲ್ ಬಟಾಣಿ ಹೂವಿಗೆ ಏನು ಮಾಡಿದರು ಅಂತ ಹೇಳುವಾಗ ನನಗೆ ನಗು ಬಂತು. ಬ್ರನೋ ಮಠದ ತೋಟದಲ್ಲಿ ಆ ಪಾದ್ರಿ ಮಾಡಿದ್ದೂ ಅವ್ವನ ಕೆಲಸವೇ. ಆದರೆ ಅವರು ಕಾಳು ಎಣಿಸಿದರು, ಅದೇ ದೊಡ್ಡದು.

ದುಂಡು ಕಾಳಿನ ಗಿಡಕ್ಕೆ ಸುಕ್ಕು ಕಾಳಿನ ಗಿಡ ಕ್ರಾಸ್ ಮಾಡಿದರೆ ಮೊದಲ ಪೀಳಿಗೆ ಪೂರ್ತಿ ದುಂಡು. ಅದನ್ನೇ ಬಿತ್ತಿ ತಾನಾಗಿ ಕಾಯಿ ಕಟ್ಟಲು ಬಿಟ್ಟಾಗ 5,474 ದುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ನಮ್ಮಪ್ಪ ಒಂದ್ಸಲ ದುಡ್ಡು ಉಳಿಸೋಣ ಅಂತ ಹೈಬ್ರಿಡ್ ಟೊಮೆಟೊ ಬೀಜ ಎತ್ತಿಟ್ಟು ಬಿತ್ತಿದ್ದ. ಒಂದೊಂದು ಗಿಡ ಒಂದೊಂದು ಥರ. ಅವ್ವ ಬೈದದ್ದು ಇನ್ನೂ ನೆನಪಿದೆ. ಅಡಗಿ ಕೂತದ್ದು ಎರಡನೇ ಪೀಳಿಗೆಯಲ್ಲಿ ಹೊರಗೆ ಬರುತ್ತದೆ ಅಂತ ನನಗೆ ಅರ್ಥವಾದದ್ದು ಆ ಹೊಲದಲ್ಲೇ. ಮೇಡಂ ಹೇಳಿದ ಕೆಂಪು ನೀಲಿ ಜೋಡಿ ಬೇರೆಯಾಗುತ್ತದಲ್ಲ, ಅದಕ್ಕೇ ಹೀಗೆ ಆಗುವುದು. ಎರಡೂ ಪಾಠ ಒಂದೇ.

ನಿವೃತ್ತ ಶಿಕ್ಷಕ, ಕುಮಟಾ
ಕನ್ನಡ ಪದ ಕೈಬಿಡಬೇಡಿ. ಮಿಯಾಸಿಸ್ ಅಂದರೆ ಗ್ರೀಕಿನಲ್ಲಿ ಕಡಿಮೆಯಾಗುವುದು, ಮಿಟೋಸ್ ಅಂದರೆ ನೂಲು. ಕ್ರೋಮೋಸೋಮ್ ಅಂದರೆ ಬಣ್ಣದ ಕಾಯ. ಅವಳು ಹತ್ತನೇ ಕ್ಲಾಸಿನಲ್ಲಿ ಓದಿದ ವರ್ಣತಂತು ಅದೇ ಅಲ್ವಾ?

ತಂದೆ, ತಿಪಟೂರು
ನಿನ್ನೆ ರಾತ್ರಿ ಹೆಂಡತಿಯ ಹೊಲಿಗೆ ಡಬ್ಬಿ ಖಾಲಿ ಮಾಡಿದೆವು. ಮೂರನೇ ಸಲಕ್ಕೆ ಅವಳೇ ನನಗೆ ಹೇಳಿಕೊಟ್ಟಳು. ಒಂದು ಬಟನ್ ತುಕ್ಕು ಹಿಡಿದು ಬಿಚ್ಚಲೇ ಇಲ್ಲ. ಎರಡೂ ದಾರ ಒಂದೇ ಕಡೆ ಹೋದವು. ನಿಜವಾದ ಕೋಶದಲ್ಲಿ ಹೀಗಾದರೆ ಏನಾಗುತ್ತದೆ ಅಂತ ಕೇಳುತ್ತಿದ್ದಾಳೆ.

ಪಿಯು ಉಪನ್ಯಾಸಕಿ, ಶಿವಮೊಗ್ಗ
ಆಗುತ್ತದೆ ಸರ್. ಒಂದು ಕೋಶಕ್ಕೆ ಒಂದು ಹೆಚ್ಚು, ಇನ್ನೊಂದಕ್ಕೆ ಒಂದು ಕಡಿಮೆ. ಅಂಡಾಣುವಿನಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಉಳಿದರೆ ಮಗುವಿಗೆ 47 ಆಗುತ್ತದೆ, ಅದೇ ಡೌನ್ ಸಿಂಡ್ರೋಮ್. ಸೆಕೆಂಡ್ ಪಿಯು ಪಾಠ ಅದು. ಆ ತುಕ್ಕು ಬಟನ್ ಎಸೆಯಬೇಡಿ, ಎತ್ತಿಡಿ.