ಸಹಾಯ ಬೇಕು: ತೂಕ ಇಳಿಸುವ ಸರ್ಜರಿಗೆ ಇನ್ಶೂರೆನ್ಸ್ ಸಿಕ್ಕವರು ತುಮಕೂರು ಕಡೆ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಬಟವಾಡಿಯವರು. ನಮ್ಮ ಅಕ್ಕನಿಗೆ ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಮಾಡಿಸಿ ಅಂತ ಬೆಂಗಳೂರಿನ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 38. ಇನ್ಸುಲಿನ್ ತಗೊಂಡರೂ ಶುಗರ್ ಹತೋಟಿಗೆ ಬರ್ತಿಲ್ಲ. ರಾತ್ರಿ ಗೊರಕೆ ಇದ್ದಕ್ಕಿದ್ದಂತೆ ನಿಂತುಬಿಡುತ್ತೆ. ಪಕ್ಕದಲ್ಲಿ ಮಲಗಿರುವ ಅಮ್ಮ ಗಾಬರಿಯಿಂದ ಎದ್ದು ಭುಜ ಅಲುಗಾಡಿಸಿದ ಮೇಲೇ ಉಸಿರು ಎಳೆದುಕೊಳ್ಳೋದು.

ಕ್ಯಾಶ್‌ಲೆಸ್‌ಗೆ ಹಾಕಿದರೆ 'ಬೊಜ್ಜಿನ ಚಿಕಿತ್ಸೆಗೆ ಕವರೇಜ್ ಇಲ್ಲ' ಅಂತ ಒಂದೇ ಸಾಲಿನ ಉತ್ತರ. ಆದರೆ ಪಾಲಿಸಿಯಲ್ಲೇ ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) ಹೇಳಿರುವ ವಿನಾಯಿತಿ ಇದೆ. ವಯಸ್ಸು 18 ತುಂಬಿರಬೇಕು, ಡಾಕ್ಟರ್ ಸಲಹೆ ಇರಬೇಕು. ಬಿಎಂಐ 40 ಅಥವಾ ಜಾಸ್ತಿ ಇರಬೇಕು. ಇಲ್ಲವೇ 35 ಅಥವಾ ಜಾಸ್ತಿ ಇದ್ದು, ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ) ಅಥವಾ ಹತೋಟಿ ತಪ್ಪಿದ ಟೈಪ್ 2 ಶುಗರ್ ಇದ್ದು, ಬೇರೆ ಸುಲಭದ ದಾರಿಗಳು ಫಲ ಕೊಡದೆ ಹೋಗಿರಬೇಕು. ಅಕ್ಕನದ್ದು ಇದೇ ಕೇಸ್ ಅಲ್ವಾ?

ನಮಗೆ ತೊಡಕಾಗಿರೋದು ಕೊನೆಯ ಷರತ್ತು. ಡಯಟ್ ಮಾಡಿ ಇಳಿಯಲಿಲ್ಲ ಅನ್ನೋದಕ್ಕೆ ನೀವು ಏನು ದಾಖಲೆ ಕೊಟ್ಟಿರಿ? ಊರಿನ ಡಾಕ್ಟರ್ ಚೀಟಿಯಲ್ಲಿ ಬರೀ 'ತೂಕ ಇಳಿಸಿ' ಅಂತಿದೆ, ಮಿಕ್ಕಿದ್ದೆಲ್ಲ ಬಾಯಿಮಾತು. ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟದ ಪರೀಕ್ಷೆ) ತುಮಕೂರಲ್ಲೇ ಮಾಡಿಸಿದವರು ಯಾರಾದರೂ ಇದ್ದೀರಾ?

ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿದ್ದೇವೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ. ಅಲ್ಲಿಗೆ ಹೋಗಿ ಬಂದವರು ಹೇಗಿತ್ತು ಹೇಳಿ.

'ಮುದ್ದೆ ಕಮ್ಮಿ ಮಾಡಿ, ವಾಕಿಂಗ್ ಹೋಗಿ' ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ, ಸಾಕಷ್ಟು ಕೇಳಿದ್ದೇವೆ. ಇನ್‌ಬಾಕ್ಸ್‌ಗೆ ಬರೆದರೂ ಸರಿ.