ಕ್ರೋಮಿಯಂ ಕಾರ್ಬೊನಿಲ್ + ಫೀನೈಲ್ ಲಿಥಿಯಂ: ಮೀಥೈಲ್ ಅಯೊಡೈಡ್ ಯಾಕೆ ಕೆಲಸ ಮಾಡುತ್ತಿಲ್ಲ?

ಕೆಂಪುಚುಕ್ಕೆ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಫಿಶರ್ ಕಾರ್ಬೀನ್ (ಲೋಹಕ್ಕೆ ಎರಡು ಬಂಧದಿಂದ ಸೇರಿದ, ಪಕ್ಕದಲ್ಲಿ ಆಕ್ಸಿಜನ್ ಇರುವ ಕಾರ್ಬನ್‌ನ ಸಂಯುಕ್ತ) ಮಾಡಲು ಹೊರಟಿದ್ದೇನೆ. ಒಣ ಈಥರ್‌ನಲ್ಲಿ ಕ್ರೋಮಿಯಂ ಹೆಕ್ಸಾಕಾರ್ಬೊನಿಲ್ ಹಾಕಿ, ಆರ್ಗಾನ್ ಬಲೂನ್ ಕಟ್ಟಿ, ಫೀನೈಲ್ ಲಿಥಿಯಂ ಹನಿಹನಿಯಾಗಿ ಬಿಟ್ಟೆ. ಬಿಳಿ ಪುಡಿ ಕರಗಿ ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಆಕ್ಸಿಜನ್ ಮೇಲೆ ಮೀಥೈಲ್ ಕೂರಿಸಲು ಮೀಥೈಲ್ ಅಯೊಡೈಡ್ ಹಾಕಿ ರಾತ್ರಿಯಿಡೀ ಬಿಟ್ಟರೂ ಟಿಎಲ್‌ಸಿಯಲ್ಲಿ (ಮಿಶ್ರಣವನ್ನು ತೆಳುಪದರದ ಮೇಲೆ ಬೇರ್ಪಡಿಸಿ ನೋಡುವ ಪರೀಕ್ಷೆ) ಕಾರ್ಬೀನಿನ ಕೆಂಪು ಚುಕ್ಕೆ ಬರಲೇ ಇಲ್ಲ. ಎರಡು ಸಲ ಹೀಗೇ ಆಯಿತು. ಇನ್ನೊಂದು ಗೊಂದಲ: ಐರನ್ ಪೆಂಟಾಕಾರ್ಬೊನಿಲ್‌ಗೆ ಇದೇ ಫೀನೈಲ್ ಲಿಥಿಯಂ ಹಾಕಿದರೆ ಆಲ್ಡಿಹೈಡ್, ಕೀಟೋನ್ ಸಿಗುತ್ತದೆ ಅಂತ ಓದಿದೆ. ಮೊದಲ ಹೆಜ್ಜೆ ಒಂದೇ ಅಲ್ವಾ? ಮತ್ತೆ ದಾರಿ ಯಾಕೆ ಬೇರೆ?

ಹಳೇ ಕಾಲಮ್:
ನಿಮ್ಮ ಮೊದಲ ಹೆಜ್ಜೆ ಸರಿಯಾಗಿಯೇ ಆಗಿದೆ, ಫ್ಲಾಸ್ಕ್ ಚೆಲ್ಲಬೇಡಿ. ಕ್ರೋಮಿಯಂ ಹತ್ತಿರ ಬಂಧಕ್ಕೆ ಬೇಕಾದ 18 ಎಲೆಕ್ಟ್ರಾನ್ ಪೂರ್ತಿ ತುಂಬಿವೆ, ಅಲ್ಲಿ ಜಾಗ ಇಲ್ಲ, ಹಾಗಾಗಿ ಫೀನೈಲ್ ಹೋಗಿ ಕಾರ್ಬೊನಿಲ್‌ನ ಕಾರ್ಬನ್ ಮೇಲೆ ಕೂರುತ್ತದೆ. ಆಗ ಬರುವ ಅಸೈಲ್ (ಫೀನೈಲ್ ಸೇರಿದ ಕಾರ್ಬೊನಿಲ್) ಅಯಾನಿನ ಋಣ ಚಾರ್ಜ್ ಆಕ್ಸಿಜನ್ ಮೇಲೆ ಮಾತ್ರ ಇರುವುದಿಲ್ಲ, ಉಳಿದ ಐದು ಕಾರ್ಬೊನಿಲ್‌ಗಳೂ ಅದನ್ನು ಹಂಚಿಕೊಳ್ಳುತ್ತವೆ. ಆಕ್ಸಿಜನ್‌ಗೆ ಅಷ್ಟು ಚುರುಕಿಲ್ಲ. ಮೀಥೈಲ್ ಅಯೊಡೈಡ್ ಸಾಲದು. ಅದಕ್ಕಿಂತ ಜೋರಾಗಿ ಮೀಥೈಲ್ ಕೊಡುವ ಉಪ್ಪು, ಟ್ರೈಮೀಥೈಲ್ ಆಕ್ಸೋನಿಯಂ ಟೆಟ್ರಾಫ್ಲೋರೋಬೋರೇಟ್ ತನ್ನಿ. ಈಥರ್ ತೆಗೆದು, ಉಳಿದದ್ದನ್ನು ಗಾಳಿ ತೆಗೆದ ತಣ್ಣೀರಿನಲ್ಲಿ ಕರಗಿಸಿ, ಲಿಟ್ಮಸ್ ಆಮ್ಲ ತೋರಿಸುವವರೆಗೆ ಆ ಉಪ್ಪನ್ನು ಸ್ವಲ್ಪ ಸ್ವಲ್ಪ ಹಾಕಿ. ತಕ್ಷಣ ಹೆಕ್ಸೇನ್‌ಗೆ ಎಳೆಯಿರಿ. ಬರೀ ಆಮ್ಲ ಹಾಕಿ ಬಿಟ್ಟರೆ ಹೈಡ್ರಾಕ್ಸಿ ಕಾರ್ಬೀನ್ ಬರುತ್ತದೆ, ಅದು ನಿಲ್ಲುವುದಿಲ್ಲ, ಒಡೆದು ಬೆಂಜಾಲ್ಡಿಹೈಡ್ ಆಗುತ್ತದೆ. 1964ರಲ್ಲಿ ಮ್ಯೂನಿಕ್‌ನಲ್ಲಿ ಫಿಶರ್ ಮತ್ತು ಮಾಸ್‌ಬೋಲ್ ಟಂಗ್‌ಸ್ಟನ್ ಕಾರ್ಬೊನಿಲ್‌ನಿಂದ ಇಂಥ ಕಾರ್ಬೀನನ್ನು ಮೊದಲ ಸಲ ಮಾಡಿದಾಗ ಆಮ್ಲ ಹಾಕಿ ಕೂಡಲೇ ಡೈಅಜೋಮೀಥೇನ್ (ಸಿಡಿಯಬಲ್ಲ ವಿಷಾನಿಲ) ಬಳಸಿದ್ದರು. ನೀವು ಆ ಅಪಾಯಕ್ಕೆ ಕೈ ಹಾಕಬೇಡಿ.

ಡಿ_ಎಂಟು:
ಕಬ್ಬಿಣದ ಪ್ರಶ್ನೆ ನನಗೆ ತುಂಬಾ ಇಷ್ಟ. ಕ್ರೋಮಿಯಂ ಅಯಾನ್ ಆರು ಕೈಯೂ (ಬಂಧದ ಜಾಗಗಳೂ) ತುಂಬಿದ ಡಿ6, ಅಂದರೆ ಲೋಹದ ಡಿ ಕಕ್ಷಕಗಳಲ್ಲಿ ಆರು ಎಲೆಕ್ಟ್ರಾನ್. ಹೊಸದನ್ನು ಹಿಡಿಯಲು ಲೋಹಕ್ಕೆ ಕೈ ಇಲ್ಲ, ಆಕ್ಸಿಜನ್ನೇ ಹಿಡಿಯಬೇಕು. ಕಬ್ಬಿಣದ್ದು ಐದೇ ಕೈಯ ಡಿ8. ಅದರ ಲೋಹವೇ ಪ್ರೋಟಾನನ್ನೋ ಆಲ್ಕೈಲ್ ಹ್ಯಾಲೈಡನ್ನೋ ಹಿಡಿದು ಆರು ಕೈ ಮಾಡಿಕೊಳ್ಳುತ್ತದೆ, ಆಮೇಲೆ ಅಸೈಲ್ ಜೊತೆ ಜೋಡಿಸಿ ಹೊರಗೆ ಬಿಡುತ್ತದೆ. ಪ್ರೋಟಾನ್ ಆದರೆ ಆಲ್ಡಿಹೈಡ್, ಆಲ್ಕೈಲ್ ಆದರೆ ಕೀಟೋನ್. ಕೋಲ್‌ಮನ್ ರಿಯೇಜೆಂಟ್ (ಕಬ್ಬಿಣದ ಕಾರ್ಬೊನಿಲ್‌ನ ಸೋಡಿಯಂ ಉಪ್ಪು) ಕೂಡ ಇದೇ ಅಸೈಲ್ ಅಯಾನಿಗೆ ಬಂದು ಸೇರುತ್ತದೆ, ಆದರೆ ಆಲ್ಕೈಲ್ ಹ್ಯಾಲೈಡ್ ಕಡೆಯಿಂದ.

ಹಳೇ ಕಾಲಮ್:
ಹೌದು, ಇದನ್ನು ಹೇಳಲು ಮರೆತೆ. ನಿಕಲ್ ಕಾರ್ಬೊನಿಲ್ ಜೊತೆ ಫೀನೈಲ್ ಲಿಥಿಯಂನಂಥದ್ದನ್ನು ಹಾಕಿ ಈನೋನ್‌ಗೆ (ಪಕ್ಕದಲ್ಲೇ ದ್ವಿಬಂಧ ಇರುವ ಕೀಟೋನ್‌ಗೆ) ಅಸೈಲ್ ಸೇರಿಸುವ ಹಳೆಯ ವಿಧಾನ ಕಣ್ಣಿಗೆ ಬಿದ್ದರೆ ದಯವಿಟ್ಟು ಆಸೆಪಡಬೇಡಿ. ನಿಕಲ್ ಕಾರ್ಬೊನಿಲ್ 43 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಉಸಿರಿಗೆ ಹೋದರೆ ಪ್ರಾಣಕ್ಕೇ ಕುತ್ತು. ಕ್ರೋಮಿಯಂ ಕಾರ್ಬೊನಿಲ್ ಕೂಡ ಘನದಿಂದ ನೇರ ಆವಿಯಾಗುತ್ತದೆ, ತೂಕ ಮಾಡುವುದೂ ಹುಡ್‌ನಲ್ಲೇ (ಆವಿ ಹೊರಗೆಳೆಯುವ ಕಪಾಟಿನಲ್ಲೇ) ಇರಲಿ.

ಕೆಂಪುಚುಕ್ಕೆ:
ಆಕ್ಸೋನಿಯಂ ಉಪ್ಪು ಹಾಕಿದ ಕೂಡಲೇ ಹೆಕ್ಸೇನ್ ಪದರ ಕಿತ್ತಳೆಗೆಂಪಾಯಿತು! ಕಾಲಮ್‌ನಲ್ಲಿ ಕೆಂಪು ಪಟ್ಟಿ ಸಲೀಸಾಗಿ ಇಳಿಯಿತು. ಮೊದಲು ಎಣ್ಣೆಯಾಗಿತ್ತು, ಫ್ರಿಜ್‌ನಲ್ಲಿಟ್ಟ ಮೇಲೆ ಹರಳಾಗಿದೆ. ನಾಳೆ ಎನ್‌ಎಂಆರ್‌ಗೆ (ಅಣುವಿನ ರಚನೆ ತಿಳಿಯುವ ಪರೀಕ್ಷೆಗೆ) ಕೊಡುತ್ತೇನೆ.