ಪದಚರ್ಚೆ: ‘ಗುಪ್ತಪದ ಮರಳಿ ಪಡೆಯಿರಿ’ ಎನ್ನಬಹುದೆ?

ಪ್ರಶ್ನೆ

ನಮಸ್ಕಾರ. ಜಯನಗರದ ಒಂದು ಪತ್ತಿನ ಸಹಕಾರ ಸಂಘದ ಕೌಂಟರುಗಳಿಗೆ ವಿಂಡೋಸ್ ತಂತ್ರಾಂಶ ಸಿದ್ಧವಾಗುತ್ತಿದೆ. ಭಾಷೆ ಸಿ ಶಾರ್ಪ್, ಪರದೆಗಳಿಗೆ ವಿನ್‌ಫಾರ್ಮ್ಸ್, ಹಿನ್ನೆಲೆಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್. ಪರದೆಯ ಮೇಲಿನದೆಲ್ಲ ಕನ್ನಡದಲ್ಲೇ ಇರಬೇಕು. ಲಾಗಿನ್ ಫಾರ್ಮಿನ ಕರಡಿನಲ್ಲಿ ಈಗಿರುವ ಮಾತುಗಳು: ತಪ್ಪಾದಾಗ ‘ಅಮಾನ್ಯ ರುಜುವಾತುಗಳು’, ಮರೆತವರಿಗೆ ‘ಗುಪ್ತಪದ ಮರಳಿ ಪಡೆಯಿರಿ’, ಹೊಸಬರಿಗೆ ‘ಕನಿಷ್ಠ 8 ಅಕ್ಷರ ಇರಲಿ’, ಕೈಪಿಡಿಯಲ್ಲಿ ‘ಗುಪ್ತಪದಗಳನ್ನು ಗೂಢಲಿಪಿಯಲ್ಲಿ ಇಡಲಾಗಿದೆ’. ಇವುಗಳ ಬಳಕೆ ಸರಿಯೆ? ಗುಪ್ತಪದ, ಪ್ರವೇಶಪದ, ಪಾಸ್‌ವರ್ಡ್ ಮೂರರಲ್ಲಿ ಯಾವುದು ವಾಸಿ?

ಉತ್ತರ 1

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಪಾಸ್‌ವರ್ಡ್. ಕೌಂಟರಿನಲ್ಲಿ ಕೂತವರು ‘ನನ್ನ ಪಾಸ್‌ವರ್ಡ್ ಹೋಗ್ತಿಲ್ಲ ಸಾರ್’ ಅಂತಲೇ ಹೇಳುವುದು. ಗುಪ್ತಪದವೂ ತಪ್ಪಲ್ಲ, ಆದರೆ ಯಾವುದಾದರೂ ಒಂದನ್ನು ಹಿಡಿದು ಎಲ್ಲ ಪರದೆಗಳಲ್ಲೂ ಅದನ್ನೇ ಬಳಸಿ.

‘ಮರಳಿ ಪಡೆಯಿರಿ’ಯನ್ನು ತೆಗೆದುಬಿಡಿ. ಪಾಸ್‌ವರ್ಡನ್ನು ಹ್ಯಾಶ್ ಮಾಡಿ (ಮರಳಿ ಬಿಚ್ಚಲಾಗದ ಗುರುತಾಗಿ ಬದಲಾಯಿಸಿ) ಇಟ್ಟಿದ್ದರೆ ಅದನ್ನು ಮರಳಿ ಕೊಡಲು ಯಾರಿಂದಲೂ ಆಗದು, ಡೇಟಾಬೇಸ್ ನೋಡಿಕೊಳ್ಳುವವರಿಂದಲೂ ಆಗದು. ಕೊಡಲು ಆಗುತ್ತಿದೆ ಎಂದರೆ ಇಟ್ಟಿರುವ ಬಗೆಯೇ ಸರಿಯಿಲ್ಲ. ‘ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ’ ಎಂದು ಬರೆಯಿರಿ. ಮೇಲ್ವಿಚಾರಕರು ಕೊಡುವ ತಾತ್ಕಾಲಿಕ ಪಾಸ್‌ವರ್ಡ್ ಒಂದೇ ಸಲ ನಡೆಯಬೇಕು, ಒಳಗೆ ಹೋದ ಕೂಡಲೇ ಬದಲಾಯಿಸಲು ಕೇಳಬೇಕು.

‘ಗೂಢಲಿಪಿ’ಯಲ್ಲೂ ಇದೇ ತೊಡಕು. ಗೂಢಲಿಪಿ ಎಂದರೆ ಕೀಲಿ ಇದ್ದವರು ಬಿಚ್ಚಿ ಓದಬಹುದಾದದ್ದು. ಹ್ಯಾಶ್ ಬಿಚ್ಚುವಂಥದ್ದಲ್ಲ, ಹೋಲಿಸಿ ನೋಡುವಂಥದ್ದು ಮಾತ್ರ. ‘ಹ್ಯಾಶ್’ ಎಂದೇ ಉಳಿಸಿಕೊಳ್ಳಿ. ಟೇಬಲಿನ ಕಾಲಮ್ಮಿಗೂ ‘ಪಾಸ್‌ವರ್ಡ್’ ಎಂದು ಹೆಸರಿಡದೆ ‘ಪಾಸ್‌ವರ್ಡ್‌ಹ್ಯಾಶ್’ ಎಂದಿಡಿ. ಮುಂದೆ ಬರುವ ಪ್ರೋಗ್ರಾಮರ್ ಹೆಸರು ನೋಡಿ ನೇರ ಪಾಸ್‌ವರ್ಡನ್ನೇ ತುಂಬುವ ಅಪಾಯ ತಪ್ಪುತ್ತದೆ. ‘ಸಂಕೇತೀಕರಣ’ವನ್ನಂತೂ ಹತ್ತಿರ ಸೇರಿಸಬೇಡಿ. ಅದು ಕೀಲಿಯಿಲ್ಲದೆ ಯಾರು ಬೇಕಾದರೂ ಬಿಚ್ಚಬಹುದಾದ ಬೇಸ್64ಕ್ಕೂ ಆಗುತ್ತದೆ, ಗೂಢಲಿಪಿ ಮಾಡುವ ಎನ್‌ಕ್ರಿಪ್ಷನ್ನಿಗೂ ಆಗುತ್ತದೆ. ಬೇಸ್64 ಮಾಡಿ ‘ಭದ್ರ ಮಾಡಿದ್ದೇವೆ’ ಎಂದು ನಂಬುವವರು ಇನ್ನೂ ಇದ್ದಾರೆ.

ಹ್ಯಾಶ್ ಮಾಡುವಾಗ ಪಾಸ್‌ವರ್ಡಿಗೆ ಬೆರೆಸುವ, ಊಹೆಗೆ ಸಿಗದ ಬೈಟುಗಳಾದ ಸಾಲ್ಟಿಗೆ ‘ಉಪ್ಪು’ ಎಂದರೆ ತಪ್ಪಿಲ್ಲ, ಆದರೆ ಇದು ರುಚಿಗೆ ತಕ್ಕಷ್ಟು ಹಾಕುವ ಉಪ್ಪಲ್ಲ. ಪ್ರತಿ ಬಳಕೆದಾರರಿಗೂ ಬೇರೆ ಬೇರೆ 16 ಬೈಟ್, ಅದೂ ರ್‍ಯಾಂಡಮ್‌ನಂಬರ್‌ಜನರೇಟರ್ ಕ್ಲಾಸಿನಿಂದಲೇ. ಬರೀ ‘ರ್‍ಯಾಂಡಮ್’ ಸಲ್ಲದು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್ ಪಾಸ್‌ವರ್ಡುಗಳ ಬಗ್ಗೆ ಬರೆದಾಗ ಸಾಲ್ಟ್ 12 ಬಿಟ್ ಇತ್ತು, ಇಂದಿಗೆ ಅದು ಏನೇನೂ ಸಾಲದು. ಸಾಲ್ಟ್ ಗುಟ್ಟಿನದಲ್ಲ, ಹ್ಯಾಶ್ ಪಕ್ಕದಲ್ಲೇ ಇಡಬಹುದು. ಹಾಗಾಗಿ ಕೈಪಿಡಿಯಲ್ಲಿ ‘ರಹಸ್ಯ ಉಪ್ಪು’ ಎಂದೆಲ್ಲ ಬರೆಯಬೇಡಿ.

ಹ್ಯಾಶ್ ಮಾಡಲು ಪಿಬಿಕೆಡಿಎಫ್2 ಎಂಬ ವಿಧಾನ ಸಿ ಶಾರ್ಪ್ ಜೊತೆ ಬರುವ ಡಾಟ್‌ನೆಟ್‌ನಲ್ಲೇ ಇದೆ, ಬೇರೆ ಲೈಬ್ರರಿ ಬೇಡ. ಎಸ್‌ಎಚ್‌ಎ-256 ಎಂಬ ಹ್ಯಾಶ್ ಜೊತೆ 6,00,000 ಸುತ್ತು (ಅಷ್ಟು ಸಲ ಮತ್ತೆ ಮತ್ತೆ ಹ್ಯಾಶ್ ಮಾಡುವುದು) ಎಂಬುದು ತಂತ್ರಾಂಶ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ ಸಲಹೆ. ಆದರೆ ಇದನ್ನು ಮಾಡುವ ಕ್ಲಾಸ್ ಆರ್‌ಎಫ್‌ಸಿ2898ಡಿರೈವ್‌ಬೈಟ್ಸ್‌ನ ಹಳೆಯ ಕನ್‌ಸ್ಟ್ರಕ್ಟರನ್ನು ಏನೂ ಹೇಳದೆ ಕರೆದರೆ ಎಸ್‌ಎಚ್‌ಎ-1, ಬರೀ 1,000 ಸುತ್ತು ಸಿಗುತ್ತದೆ. ಇಂಟರ್‌ನೆಟ್ಟಿನಿಂದ ಎತ್ತಿದ ಕೋಡ್ ಹೆಚ್ಚಾಗಿ ಎಡವುವುದು ಇಲ್ಲೇ. ಸುತ್ತಿನ ಸಂಖ್ಯೆಯನ್ನೂ ಟೇಬಲಿನ ಅದೇ ಸಾಲಿನಲ್ಲೇ ಬರೆದಿಡಿ, ಮುಂದೆ ಏರಿಸಬೇಕಾಗುತ್ತದೆ.

‘ರುಜುವಾತು’ ಕೋರ್ಟಿನ ಮಾತು, ಆರೋಪ ಹೊರಿಸಿದ ಹಾಗೆ ಕೇಳಿಸುತ್ತದೆ. ‘ಬಳಕೆದಾರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಸಾಕು. ಇಲ್ಲಿ ‘ಅಥವಾ’ ಬಿಡುವಂತಿಲ್ಲ. ‘ಈ ಹೆಸರಿನವರು ಇಲ್ಲ’ ಎಂದರೆ ಹೊರಗಿನವನಿಗೆ ಯಾರಿದ್ದಾರೆ, ಯಾರಿಲ್ಲ ಎಂಬ ಪಟ್ಟಿಯನ್ನೇ ಕೊಟ್ಟಂತೆ. ಪರದೆ ಬಾಯಿ ಮುಚ್ಚಿದರೂ ಗಡಿಯಾರ ಹೇಳಿಬಿಡುತ್ತದೆ: ಇಲ್ಲದ ಹೆಸರಿಗೆ ಉತ್ತರ ತಟ್ಟನೆ ಬರುತ್ತದೆ, ಇರುವ ಹೆಸರಿಗೆ ಹ್ಯಾಶ್ ಮುಗಿಯುವ ತನಕ ತಡವಾಗುತ್ತದೆ. ಹೆಸರು ಸಿಗದಿದ್ದರೂ ಒಂದು ಸುಳ್ಳು ಹ್ಯಾಶ್ ಓಡಿಸಿಯೇ ಉತ್ತರ ಕೊಡಿ.

ಐದು ಸಲ ತಪ್ಪಿದಾಗ ‘ನಿಮ್ಮ ಖಾತೆ ಲಾಕ್ ಆಗಿದೆ’ ಎನ್ನಬೇಡಿ. ಸಹಕಾರ ಸಂಘದಲ್ಲಿ ಖಾತೆ ಎಂದರೆ ಉಳಿತಾಯ ಖಾತೆ. ಬೆಂಗಳೂರಿನವರಿಗೆ ಸೈಟಿನ ಖಾತೆಯೂ ಹೌದು. ‘ಲಾಗಿನ್ ತಡೆಹಿಡಿಯಲಾಗಿದೆ, 15 ನಿಮಿಷ ಬಿಟ್ಟು ಪ್ರಯತ್ನಿಸಿ’ ಎನ್ನಿ. ಇಲ್ಲದ ಹೆಸರಿಗೂ ಇದೇ ಎಣಿಕೆ, ಇದೇ ಮಾತು ಇರಲಿ.

ಇನ್ನು ಕೇಳದೇ ಇದ್ದ ಮಾತು. ಎಕ್ಸಿಕ್ಯೂಟಬಲ್ ಫೈಲ್ ಪ್ರತಿ ಕೌಂಟರಿನಲ್ಲೂ ಇರುತ್ತದೆ. ಅದರೊಳಗೆ ಡೇಟಾಬೇಸಿನ ಪಾಸ್‌ವರ್ಡ್ ಇಟ್ಟರೆ ಐಎಲ್‌ಸ್ಪೈ ಎಂಬ ಕೋಡ್ ಬಿಚ್ಚಿ ತೋರಿಸುವ ಸಾಧನದಲ್ಲಿ ತೆರೆದು ಓದಲು ಹೆಚ್ಚು ಹೊತ್ತು ಬೇಡ. ಆಮೇಲೆ ಲಾಗಿನ್ ಫಾರ್ಮನ್ನು ಬದಿಗಿಟ್ಟು ನೇರ ಟೇಬಲಿಗೇ ಹೋಗಬಹುದು. ಪಾಸ್‌ವರ್ಡ್ ಪರೀಕ್ಷೆ ಸರ್ವರಿನ ಕಡೆ, ನಡುವೆ ಒಂದು ಸೇವೆಯ ಮೂಲಕ ನಡೆಯಲಿ. ಫಾರ್ಮಿಗೆ ಹ್ಯಾಶ್ ಕಾಲಮ್ ಓದುವ ಹಕ್ಕೇ ಬೇಡ. ಇದಿಲ್ಲದೆ ‘ಸುರಕ್ಷಿತ ಲಾಗಿನ್’ ಎಂದು ಬರೆದರೆ ಆ ವಿಶೇಷಣ ಬರೀ ಅಲಂಕಾರ.

ಉತ್ತರ 2

ಮೇಲಿನವರು ‘8 ಅಕ್ಷರ’ವನ್ನು ಮುಟ್ಟಿಲ್ಲ. ನಿಜವಾದ ಪದಚರ್ಚೆ ಇರುವುದು ಅಲ್ಲೇ. ‘ಬೆಂಗಳೂರು’ ನಮ್ಮ ಲೆಕ್ಕದಲ್ಲಿ 4 ಅಕ್ಷರ. ಕೋಡಿನಲ್ಲಿ ಸ್ಟ್ರಿಂಗಿನ (ಬರಹದ) ಲೆಂಗ್ತ್ ಕೇಳಿದರೆ 8, ಯಾಕೆಂದರೆ ಸ್ವರಚಿಹ್ನೆ, ಅನುಸ್ವಾರಗಳಿಗೆಲ್ಲ ಬೇರೆ ಬೇರೆ ಸಂಖ್ಯೆ. ಯುಟಿಎಫ್-8 ಬಗೆಯಲ್ಲಿ ಕಡತಕ್ಕೆ ಇಳಿಸಿದರೆ 24 ಬೈಟ್. ಹಾಗಾಗಿ ನಿಮ್ಮ ನಿಯಮ ‘ಬೆಂಗಳೂರು’ವನ್ನು ಒಪ್ಪಿಕೊಳ್ಳುತ್ತದೆ, ಓದಿದವರು ಮಾತ್ರ 8 ಅಕ್ಷರ ಹುಡುಕುತ್ತಾರೆ. ಡಾಟ್‌ನೆಟ್‌ನ ಸ್ಟ್ರಿಂಗ್‌ಇನ್ಫೋ ಕ್ಲಾಸಿನಲ್ಲಿ ಎಣಿಸಿದರೆ 4 ಬರುತ್ತದೆ. ಒತ್ತಕ್ಷರ ಮಾತ್ರ ಬಿಡಿಯಾಗಬಹುದು, ‘ಕ್ಷ’ 2 ಎನ್ನಿಸಬಹುದು. ಅಷ್ಟು ವ್ಯತ್ಯಾಸ ನಡೆಯುತ್ತದೆ.

ಪಿಬಿಕೆಡಿಎಫ್2 ಬದಲು ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನ ಬಳಸುವ ಯೋಚನೆ ಇದ್ದರೆ ಗಮನಿಸಿ: ಅದು ನೋಡುವುದು ಮೊದಲ 72 ಬೈಟ್ ಮಾತ್ರ. ‘ಬೆಂಗಳೂರು’ ಮೂರು ಸಲ ಬರೆದರೆ ಮುಗಿಯಿತು, ಮುಂದೆ ಏನು ಸೇರಿಸಿದರೂ ಹೆಚ್ಚಿನ ಲೈಬ್ರರಿಗಳು ಸದ್ದಿಲ್ಲದೆ ಕತ್ತರಿಸಿಬಿಡುತ್ತವೆ. ಕನ್ನಡದಲ್ಲಿ ಉದ್ದನೆಯ ವಾಕ್ಯವನ್ನು ಪಾಸ್‌ವರ್ಡ್ ಮಾಡಿಕೊಳ್ಳುವವರಿಗೆ ಇದು ನಷ್ಟ. ಪಿಬಿಕೆಡಿಎಫ್2ಗೆ ಈ ಮಿತಿಯಿಲ್ಲ.

‘ೋ’ ಒಂದೇ ಸಂಖ್ಯೆಯಾಗಿಯೂ ಬರಬಹುದು, ‘ೆ’, ‘ೂ’ ಮತ್ತು ದೀರ್ಘದ ಚಿಹ್ನೆ ಸೇರಿ ಮೂರಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಹ್ಯಾಶಿಗೆ ಬೇರೆ. ಪಾಸ್‌ವರ್ಡ್ ಇಡುವಾಗಲೂ ಪರೀಕ್ಷಿಸುವಾಗಲೂ ಇಂಥ ಭಿನ್ನ ರೂಪಗಳನ್ನು ಒಂದಾಗಿಸುವ ನಾರ್ಮಲೈಸ್ ಕರೆಯಿರಿ. ‘ಕುಮಾರ್’ ಎಂಬಂಥ ಬಳಕೆದಾರ ಹೆಸರಿನ ಕೊನೆಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಗುರುತು) ಸೇರಿಕೊಂಡಿದ್ದರೆ ಅದನ್ನು ನಾರ್ಮಲೈಸ್ ಆಗಲಿ ತುದಿಯ ಖಾಲಿ ಜಾಗ ತೆಗೆಯುವ ಟ್ರಿಮ್ ಆಗಲಿ ತೆಗೆಯುವುದಿಲ್ಲ, ನೀವೇ ತೆಗೆಯಬೇಕು. ನಡುವಿನದನ್ನು ಮುಟ್ಟಬೇಡಿ: ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆದೀತು.

ಹೆಸರಿನ ಕಾಲಮ್ ಎನ್‌ವಾರ್‌ಚಾರ್ (ಯುನಿಕೋಡ್ ಹಿಡಿಯುವ ಬಗೆ) ಇರಲಿ, ಡೇಟಾಬೇಸಿಗೆ ಕಳಿಸುವ ಪ್ರಶ್ನೆಗೆ (ಕ್ವೆರಿಗೆ) ಕೊಡುವ ಪ್ಯಾರಾಮೀಟರೂ ಅದೇ ಬಗೆಯದಿರಲಿ. ಸ್ಟ್ರಿಂಗ್ ಜೋಡಿಸಿ ಪ್ರಶ್ನೆ ಕಟ್ಟುವುದು ಹೊರಗಿನವರು ತಮ್ಮ ಆದೇಶ ತೂರಿಸುವ ಇಂಜೆಕ್ಷನ್ನಿಗೆ ಬಾಗಿಲು ಎಂಬುದು ಗೊತ್ತೇ ಇದೆ. ಕನ್ನಡಕ್ಕೆ ಇನ್ನೊಂದು ತಾಪತ್ರಯ. ಯುನಿಕೋಡ್ ಅಲ್ಲದ ವಾರ್‌ಚಾರ್‌ನ ಮಾಮೂಲಿ ಕೊಲೇಶನ್ನಿನಲ್ಲಿ (ಅಕ್ಷರಗಳ ಏರ್ಪಾಡಿನಲ್ಲಿ) ‘ಗೀತಾ’ ‘????’ ಆಗುತ್ತದೆ, ‘ಸುಮಾ’ ಕೂಡ ‘????’ ಆಗುತ್ತದೆ. ಆಮೇಲೆ ಇಬ್ಬರೂ ಒಬ್ಬರೇ. ಹಳೆಯ ಸಿಬ್ಬಂದಿ ಪಟ್ಟಿ ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದರೆ ಕಾಣುವ ಕನ್ನಡ ಅಕ್ಷರಗಳ ಹಿಂದೆ ಇರುವುದು ರೋಮನ್ ಅಕ್ಷರಗಳ ಸಂಕೇತ ಸಂಖ್ಯೆಗಳು; ಯುನಿಕೋಡಿಗೆ ಬದಲಾಯಿಸಿಯೇ ತುಂಬಿ.

ಇನ್ನೊಂದು ಮಾತನ್ನು ಪರದೆಗೆ ಸೇರಿಸಿ: ‘ಕೀಬೋರ್ಡ್ ಈಗ ಕನ್ನಡದಲ್ಲಿದೆ’. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕಿ, ಇಂಗ್ಲಿಷ್ ಪಾಸ್‌ವರ್ಡನ್ನು ಕನ್ನಡ ಲೇಔಟಿನಲ್ಲಿ ಒತ್ತಿದರೆ ಗೊತ್ತೇ ಆಗದು. ಇನ್‌ಪುಟ್‌ಲಾಂಗ್ವೇಜ್ ಚೇಂಜ್ಡ್ ಇವೆಂಟಿನಲ್ಲಿ ಈ ಸಾಲನ್ನು ತೋರಿಸಿದರೆ, 15 ನಿಮಿಷ ಕಾಯುವವರ ಸಂಖ್ಯೆ ಕಡಿಮೆಯಾಗುತ್ತದೆ.